ಶಿಪ್ಪಿನ ಕೆಲಸಕ್ಕೆ ಏಜೆಂಟಿಗೆ ದುಡ್ಡು ಕೊಡಬೇಡಿ ಮಾರಾಯ್ರೆ

ಮಂಗಳೂರು, ಉಡುಪಿ ಕಡೆ ಮಕ್ಕಳನ್ನು ಶಿಪ್ಪಿಗೆ ಕಳಿಸುವವರು ಇದನ್ನು ಓದಿ. ಸೀಟಿಗೆ ದುಡ್ಡು ಅಂತ ಯಾರಾದರೂ ಬಾಯಿ ಬಿಟ್ಟರೆ ಅಲ್ಲಿಂದಲೇ ಎದ್ದು ಬನ್ನಿ.

ನನ್ನ ತಮ್ಮನ ಜಿಪಿ ರೇಟಿಂಗ್ ಕೋರ್ಸ್ (ಹಡಗಿನ ಸಾಮಾನ್ಯ ಕೆಲಸಗಾರರ ತರಬೇತಿ) ಮುಗಿದಿತ್ತು, ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿ ಕೈಯಲ್ಲಿತ್ತು. ಹಂಪನಕಟ್ಟೆ ಹತ್ತಿರದ ಒಂದು ಆಫೀಸಿನವರು 2.5 ಲಕ್ಷ ಕೇಳಿದರು. ಇಲ್ಲಿ ಎಲ್ಲರೂ ಕೊಡುವುದೇ ಅಲ್ವಾ? ಅಮ್ಮನ ಬಳೆ ಸೊಸೈಟಿಯಲ್ಲಿಟ್ಟು ಕೊಟ್ಟೆವು. ಚೀಟಿಯಲ್ಲಿ ಬರೆದದ್ದು "ತರಬೇತಿ ಮತ್ತು ವೀಸಾ ವೆಚ್ಚ". ಯಾವ ತರಬೇತಿ? ಒಂದು ದಿನದ್ದೂ ಇಲ್ಲ.

ಆಮೇಲೆ ಶುರು. "ಹಡಗು ಲೇಟು." "ಮುಂದಿನ ವಾರ ಗ್ಯಾರಂಟಿ." ತಮ್ಮ ಬ್ಯಾಗು ಕಟ್ಟಿ ಮುಂಬೈಗೆ ಹೋಗಿ ವಾಪಸು ಬಂದ. ಈಗ ಮದುವೆ ಮನೆಗೆ ಹೋದರೂ "ಇನ್ನೂ ಹೋಗ್ಲಿಲ್ವಾ?" ಎಂಬ ಪ್ರಶ್ನೆ. ಅವನು ಹೊರಗೆ ಬರುವುದನ್ನೇ ಬಿಟ್ಟಿದ್ದಾನೆ.

ಕಡೆಗೆ ಶಿಪ್ಪಿನಲ್ಲೇ ಇರುವ ನೆಂಟರೊಬ್ಬರು ಚೀಟಿ ನೋಡಿ ಬೈದರು. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲೇ ಒಪ್ಪಿದೆಯಂತೆ. ಅದರ ಪ್ರಕಾರ ಕೆಲಸ ಕೊಡಿಸಲು ನಾವಿಕನಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ಅವನು ಭರಿಸಬೇಕಾಗಬಹುದಾದದ್ದು ಮೆಡಿಕಲ್ ಸರ್ಟಿಫಿಕೇಟ್, ಸಿಡಿಸಿ, ಪಾಸ್‌ಪೋರ್ಟಿನ ಖರ್ಚು ಮಾತ್ರ. ವೀಸಾ ಖರ್ಚು ಹಡಗಿನ ಮಾಲೀಕನದ್ದು. ವೀಸಾ! ನಮ್ಮ ಚೀಟಿಯಲ್ಲಿ ಅದನ್ನೇ ರಾಜಾರೋಷವಾಗಿ ಬರೆದು ಸೀಲು ಹೊಡೆದಿದ್ದಾರೆ. ಮೈಯೆಲ್ಲ ಉರಿಯಿತು.

ಹೋಗಿ ಆ ಆಫೀಸಿನವನನ್ನು ಕೇಳಿದೆ. "ಅದು ಫೀಸಲ್ಲ ಸರ್, ಪ್ರೊಸೆಸಿಂಗ್" ಅಂದ. ಒಪ್ಪಂದದ ಮಾತೆತ್ತಿದರೆ, "ಜಿನೀವಾ ಕಾನೂನು ಹಂಪನಕಟ್ಟೆಗೆ ಬರುವುದಿಲ್ಲ ಸರ್" ಎಂದು ನಕ್ಕ. ನಕ್ಕ ಮಾರಾಯ್ರೆ! ಆರ್‌ಪಿಎಸ್‌ಎಲ್ ಲೈಸೆನ್ಸ್, ಅಂದರೆ ಹಡಗಿಗೆ ಜನ ಸೇರಿಸಲು ಸರ್ಕಾರ ಕೊಡುವ ಪರವಾನಗಿ, ತೋರಿಸಿ ಅಂದೆ. "ಅದು ಮುಂಬೈ ಕಂಪನಿಯದ್ದು, ನಾವು ಬರೀ ಕನ್ಸಲ್ಟೆಂಟ್." ಹಾಗಾದರೆ ದುಡ್ಡು? "ಅದೂ ಮುಂಬೈಗೆ ಹೋಗಿದೆ." ಈಗ ಫೋನೇ ಎತ್ತುವುದಿಲ್ಲ.

ಗಲ್ಫಿನ ಕೆಲಸದ ಲೆಕ್ಕ ಬೇರೆ. ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎನ್ನುವ ಅದೇ ಸಂಸ್ಥೆಯ 1997ರ 181ನೇ ಒಪ್ಪಂದವನ್ನು ಭಾರತ ಒಪ್ಪಿಯೇ ಇಲ್ಲ. ಹಾಗಾಗಿ ನೋಂದಾಯಿತ ಏಜೆಂಟರು ಒಂದು ಮಿತಿಯೊಳಗೆ ತೆಗೆದುಕೊಳ್ಳಬಹುದು. ಅದನ್ನು ತೋರಿಸಿ ಶಿಪ್ಪಿಗೂ ಹಾಗೇ ಎಂದು ಇವರು ನಂಬಿಸುತ್ತಾರೆ. ನಂಬಬೇಡಿ.

ಲೈಸೆನ್ಸ್ ಇದ್ದವರ ಪಟ್ಟಿ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯ) ವೆಬ್‌ಸೈಟಿನಲ್ಲಿ ಉಂಟು, ಮೊದಲು ಅದನ್ನು ನೋಡಿ. ನಾವು ಅಲ್ಲಿಗೂ ಪೊಲೀಸರಿಗೂ ದೂರು ಕೊಡುತ್ತಿದ್ದೇವೆ. ಅದೇ ಆಫೀಸಿಗೆ ಕೊಟ್ಟವರು ಇದ್ದರೆ ಚೀಟಿ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ, ನನಗೊಂದು ಮಾತು ತಿಳಿಸಿ. ಒಟ್ಟಿಗೆ ಹೋಗುವ.