ಪೋಸ್ಟ್‌ಗ್ರೆಸ್‌ನ ಲಾಕ್‌ಗಳು: ಸೀಟು ಬುಕಿಂಗ್‌ನಲ್ಲಿ ವರ್ಷಗಟ್ಟಲೆ ಬಳಸಿ ನೋಡಿದ್ದು

ನಮ್ಮ ಬಸ್ ಬುಕಿಂಗ್ ಸಾಫ್ಟ್‌ವೇರ್‌ನ ಹಿಂದೆ ಇರುವುದು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್. ದೀಪಾವಳಿ ಹತ್ತಿರ ಬಂತು ಅಂದರೆ ಒಂದೇ ಕಿಟಕಿ ಸೀಟಿಗೆ ಮೂರು ಕಡೆಯಿಂದ ಬೆರಳು ಒತ್ತುತ್ತಾರೆ. ಒಬ್ಬರು ಹಿಡಿದಿರುವುದನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವ ಇದರ ಲಾಕ್‌ಗಳ ಯೋಗ್ಯತೆ ಗೊತ್ತಾಗೋದು ಆಗಲೇ.

ಮೆಚ್ಚಿದ್ದು ಮೊದಲು. ಇಲ್ಲಿ ಸುಮ್ನೆ ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರೂ ಅವರನ್ನು ತಡೆಯುವುದಿಲ್ಲ. ಟೇಬಲ್‌ನ ಒಂದು ಸಾಲು (ಅಂದರೆ ಒಂದು ಸೀಟಿನ ದಾಖಲೆ) ಬದಲಾದರೂ ಹಳೆಯ ಪ್ರತಿ ಸ್ವಲ್ಪ ಕಾಲ ಉಳಿದಿರುತ್ತದೆ, ಅದಕ್ಕೇ. ಮ್ಯಾನೇಜರ್ ಅರ್ಧ ಗಂಟೆಯ ರಿಪೋರ್ಟ್ ಓಡಿಸುತ್ತಿದ್ದರೂ ಕೌಂಟರ್‌ನಲ್ಲಿ ಟಿಕೆಟ್ ಹೋಗುತ್ತಲೇ ಇರುತ್ತದೆ.

ಹಾಗಂತ ಡಿಫಾಲ್ಟ್ ಆಗಿರುವ ರೀಡ್ ಕಮಿಟೆಡ್ (ಬೇರೆಯವರು ಖಾಯಂ ಮಾಡಿದ ಬದಲಾವಣೆ ಮಾತ್ರ ಕಾಣುವ ವಿಧಾನ) ಎಲ್ಲವನ್ನೂ ನೋಡಿಕೊಳ್ಳಲ್ಲ. ಸೀಟು ಖಾಲಿ ಇದೆಯಾ ಅಂತ ಒಂದು ಸೆಲೆಕ್ಟ್, ಆಮೇಲೆ ಹೆಸರು ಬರೆಯಲು ಒಂದು ಅಪ್‌ಡೇಟ್, ಈ ಎರಡು ಕಮಾಂಡ್ ಅಷ್ಟೇ ಇದ್ದರೆ ಇಬ್ಬರಿಗೂ ಖಾಲಿ ಅಂತಲೇ ಕಾಣಬಹುದು. ಎರಡನೆಯವರ ಹೆಸರು ಮೊದಲನೆಯವರದ್ದನ್ನು ಅಳಿಸಿ ಕೂರುತ್ತದೆ. ಎರರ್ ಕೂಡ ಬರಲ್ಲ! ಸೆಲೆಕ್ಟ್‌ನ ಕೊನೆಗೆ 'ಫಾರ್ ಅಪ್‌ಡೇಟ್' ಸೇರಿಸಿದರೆ ಎರಡನೆಯವರು ಕಾದು, ಮೊದಲನೆಯವರ ಕಮಿಟ್ (ಬದಲಾವಣೆ ಖಾಯಂ ಮಾಡೋದು) ಆದಮೇಲೆ ಹೊಸ ಸ್ಥಿತಿ ನೋಡುತ್ತಾರೆ. ಯಾವ ಸೀಟಾದರೂ ಪರವಾಗಿಲ್ಲ ಅನ್ನುವವರಿಗೆ 9.5ನೇ ಆವೃತ್ತಿಯಲ್ಲಿ ಬಂದ 'ಸ್ಕಿಪ್ ಲಾಕ್ಡ್' ಇದೆ. ಲಾಕ್ ಆಗಿರುವ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ, ಕಾಯುವ ಮಾತೇ ಇಲ್ಲ.

ಡೆಡ್‌ಲಾಕ್‌ಗೆ ಜಾಸ್ತಿ ಹೆದರಬೇಕಿಲ್ಲ. ಒಬ್ಬರು 7ನೇ ಸೀಟು ಹಿಡಿದು 8ಕ್ಕೆ, ಇನ್ನೊಬ್ಬರು 8 ಹಿಡಿದು 7ಕ್ಕೆ ಕಾದರೆ, ಡಿಫಾಲ್ಟ್ ಪ್ರಕಾರ 1 ಸೆಕೆಂಡ್ ಆದಮೇಲೆ ಪೋಸ್ಟ್‌ಗ್ರೆಸ್ಸೇ ಪತ್ತೆ ಹಚ್ಚಿ ಒಂದು ವಹಿವಾಟನ್ನು (ಟ್ರಾನ್ಸಾಕ್ಷನ್) ರದ್ದು ಮಾಡುತ್ತದೆ. ಸೀಟುಗಳನ್ನು ಯಾವಾಗಲೂ ನಂಬರ್ ಪ್ರಕಾರವೇ ಹಿಡಿದರೆ ಈ ತಾಪತ್ರಯವೂ ಇಲ್ಲ.

ಐದು ಸ್ಟಾರ್‌ನಲ್ಲಿ ಒಂದನ್ನು ನಾನು ಕಳೆಯುವುದು ಲಾಕ್‌ಗೆ ಎಷ್ಟು ಹೊತ್ತು ಕಾಯಬೇಕು ಅಂತ ಹೇಳುವ ಲಾಕ್ ಟೈಮ್‌ಔಟ್‌ಗೆ. ಅದರ ಡಿಫಾಲ್ಟ್ 0, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತಲೇ ಇರು ಅಂತ. ಟೇಬಲ್‌ಗೆ ಒಂದು ಕಾಲಂ ಸೇರಿಸೋದು ಕ್ಷಣದ ಕೆಲಸ. ಆದರೆ ಅದಕ್ಕೆ ಬಳಸುವ 'ಆಲ್ಟರ್ ಟೇಬಲ್' ಕಮಾಂಡ್‌ಗೆ ಇಡೀ ಟೇಬಲ್ ಒಬ್ಬಂಟಿಯಾಗಿ ಬೇಕು. ಮುಂದೆ ಮ್ಯಾನೇಜರ್ ರಿಪೋರ್ಟ್ ಇದ್ದರೆ ಅದು ಮುಗಿಯೋ ತನಕ ಆಲ್ಟರ್ ನಿಲ್ಲುತ್ತದೆ, ಅದರ ಬೆನ್ನಿಗೆ ಬಂದ ಸಾದಾ ಸೆಲೆಕ್ಟ್‌ಗಳೂ ಸಾಲಾಗಿ ನಿಲ್ಲುತ್ತವೆ. ಹೊರಗಿನವರಿಗೆ ಸರ್ವರ್ ಬಿದ್ದುಹೋದ ಹಾಗೇ ಅಲ್ವಾ? ಈಗ ಇಂಥ ಕೆಲಸಕ್ಕೆ ಮುಂಚೆ ಟೈಮ್‌ಔಟ್ 2 ಸೆಕೆಂಡ್‌ಗೆ ಇಡುತ್ತೇವೆ. ಲಾಕ್ ಸಿಗದಿದ್ದರೆ ಆಲ್ಟರ್ ತಾನೇ ಬಿಟ್ಟುಕೊಡುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸುತ್ತೇವೆ.

ಯಾರಿಂದ ಯಾರು ನಿಂತಿದ್ದಾರೆ ಅಂತ ನೋಡಲು 9.6ರಿಂದ 'ಪಿಜಿ ಬ್ಲಾಕಿಂಗ್ ಪಿಡ್ಸ್' ಅನ್ನೋ ಫಂಕ್ಷನ್ ಇದೆ. ನಿಂತಿರುವ ಪ್ರೋಸೆಸ್‌ನ ನಂಬರ್ ಕೊಟ್ಟರೆ ತಡೆದವರ ನಂಬರ್ ಹೇಳುತ್ತದೆ. ಹೆಚ್ಚಿನ ಸಲ ಸಿಕ್ಕಿಬೀಳೋದು ಬಿಗಿನ್ ಕೊಟ್ಟು (ವಹಿವಾಟು ಶುರು ಮಾಡಿ) ಮುಗಿಸದೆ ಊಟಕ್ಕೆ ಎದ್ದುಹೋದ ಯಾರದೋ ಸೆಷನ್.