ಕ್ಲೇ ಶೂಟಿಂಗ್ ಕೈ ಸುಡುವಾಗ: ರೇಂಜು, ತೆಂಗಿನಕಾಯಿ, ಏರ್‌ಗನ್, ಟಾರ್ಚು

2023ರ ಸೆಪ್ಟೆಂಬರಿನಲ್ಲಿ, ಗೌರಿ ಹಬ್ಬಕ್ಕೆ ಮುಂಚೆ, ನಾನೂ ಸಕಲೇಶಪುರದ ನಮ್ಮ ಭಾವನೂ ಕ್ಲೇ ಶೂಟಿಂಗಿಗೆ, ಅಂದರೆ ಯಂತ್ರ ಎಸೆದ ಬಿಲ್ಲೆಯನ್ನು ಗಾಳಿಯಲ್ಲೇ ಕೋವಿಯಿಂದ ಒಡೆಯುವ ಆಟಕ್ಕೆ, ಹೈದರಾಬಾದಿನ ಶಾಟ್‌ಗನ್ ರೇಂಜಿಗೆ ಹೋಗಿದ್ದೆವು. ವಾಪಸ್ ಬರುವಾಗ ಭಾವ ಡೈರಿ ತೆಗೆದು ಲೆಕ್ಕ ಬರೆದರು. ತೋಟೆ (ಕಾಡತೂಸು), ಕ್ಲೇ, ರೇಂಜಿನ ಫೀಸು, ಡೀಸೆಲ್, ಲಾಡ್ಜು ಎಲ್ಲ ಕೂಡಿಸಿ ಸುತ್ತುಗಳಿಂದ ಭಾಗಿಸಿದರೆ, 25 ಬಿಲ್ಲೆಯ ಒಂದು ಸುತ್ತಿಗೆ ನಮ್ಮ ತೋಟದ ಹತ್ತು ಆಳಿನ ದಿನಗೂಲಿ ಬಿದ್ದಿತ್ತು. "ಇದು ನಮ್ಮಂಥವರ ಆಟ ಅಲ್ಲ ಮಾರಾಯ, ಬಿಟ್ಟುಬಿಡೋಣ" ಅಂದರು. "ಒಂದು ವರ್ಷ ತಡೀರಿ ಭಾವ, ಖರ್ಚು ಇಳಿಸೋಕೆ ಏನೇನು ಸಾಧ್ಯವೋ ನೋಡ್ತೀನಿ" ಅಂದೆ.

ಬಿಡಲು ನನಗೆ ಮನಸ್ಸಿರಲಿಲ್ಲ. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕೋವಿ ಇದೆ. ಅಜ್ಜನ ಕಾಲದಲ್ಲಿ ಅದು ಶಿಕಾರಿಗೆ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಗೋಡೆ ಸೇರಿತು. ಒಂದು ಜೀವವನ್ನೂ ತೆಗೆಯದೆ ಕೋವಿ ಹಿಡಿಯುವ ಸುಖ ನನಗೆ ಸಿಕ್ಕಿದ್ದು ಕ್ಲೇಯಲ್ಲಿ. ಹೆಸರಿಗೆ ಮಾತ್ರ ಕ್ಲೇ, ಅದರಲ್ಲಿ ಮಣ್ಣಿಲ್ಲ. ಡಾಂಬರಿನ ಜಾತಿಯ ಪಿಚ್ಚನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಕಲಸಿ ಅಚ್ಚು ಹೊಯ್ದ ಬಿಲ್ಲೆ. 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಕ್ಲೇಯ ಒಂದು ಬಗೆಯಾದ ಟ್ರ್ಯಾಪ್ ಆಟದಲ್ಲಿ ನಮ್ಮ ಮುಂದೆ 15 ಮೀಟರ್ ದೂರದ ಗುಂಡಿಯಿಂದ ಚಿಮ್ಮಿ 76 ಮೀಟರ್ ಹಾರುತ್ತದೆ. ಚರೆಯ, ಅಂದರೆ ತೋಟೆಯಿಂದ ಹರಡಿ ಹೋಗುವ ಸಣ್ಣ ಸೀಸದ ಗುಂಡುಗಳ, ನಡುಮಧ್ಯಕ್ಕೆ ಸಿಕ್ಕರೆ ಆಕಾಶದಲ್ಲೇ ಪುಡಿಯ ಮೋಡವಾಗುತ್ತದೆ. ಅಂಚಿಗೆ ತಾಗಿದರೆ ಒಂದೇ ಒಂದು ಚೂರು ಸಿಡಿಯುತ್ತದೆ, ಅದಕ್ಕೂ ಅದೇ ಒಂದು ಅಂಕ.

ಮೊದಲು ರೇಂಜಿನ ಮಾತು. ಅದಕ್ಕೆ ಸಮನಾದದ್ದು ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ದುಡ್ಡು ಸೋರುವುದು ಎಲ್ಲಿ ಅಂತ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಎರಡನೇ ಈಡು, ಅಂದರೆ ಎರಡನೇ ಹೊಡೆತ. ಟ್ರ್ಯಾಪ್‌ನಲ್ಲಿ ಒಂದು ಬಿಲ್ಲೆಗೆ ಎರಡು ಈಡು ಹೊಡೆಯಬಹುದು. ಮೊದಲನೆಯದು ತಪ್ಪಿದ ಗಾಬರಿಯಲ್ಲಿ ಹೊಡೆಯುವ ಎರಡನೆಯದು ನನ್ನಂಥವನಿಗೆ ತಾಗುವುದು ಅಪರೂಪ. ಆ ಸಲ ನಾಲ್ಕು ಸುತ್ತು, 100 ಬಿಲ್ಲೆಗೆ ನಾನು ಸುಟ್ಟ ತೋಟೆ 146. ಅದರಲ್ಲಿ 46 ಎರಡನೇ ಈಡು, ಅವುಗಳಲ್ಲಿ ತಾಗಿದ್ದು ಏಳು. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಅಂತ ಮಿತಿಯೂ ಇರುವಾಗ ಇದು ಎರಡು ಕಡೆಯಿಂದ ನಷ್ಟ. ಊರಿನ ಅಂಗಡಿಯಲ್ಲಿ ಸಿಗುವುದನ್ನೇ ತಗೊಂಡು ಹೋಗೋಣ ಅನ್ನುವ ಹಾಗೂ ಇಲ್ಲ. ಬೆಳೆ ಕಾಯುವವರು ಕೇಳುವ ಎಸ್‌ಜಿ, ಎಲ್‌ಜಿ ತೋಟೆಯಲ್ಲಿ ಇರುವುದು ಬೆರಳಲ್ಲಿ ಎಣಿಸುವಷ್ಟು ದಪ್ಪ ಗುಂಡು. ಕ್ಲೇಗೆ ಬೇಕಾದದ್ದು ಏಳೂವರೆ ನಂಬರಿನ ಸಣ್ಣ ಚರೆ, ನಿಯಮದ ಪ್ರಕಾರ 24 ಗ್ರಾಂ ಮೀರದ್ದು.

ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳಬಹುದಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಆಯುಧ ಕಾಯ್ದೆಯಲ್ಲಿ ಅಪರಾಧ. ಆ ಮಾತು ಅಲ್ಲಿಗೇ ಮುಗಿಯಿತು.

ಇನ್ನೊಬ್ಬ ಸ್ನೇಹಿತರು, ಸ್ಪ್ರಿಂಗಿನ ಎಸೆಯುವ ಯಂತ್ರ ತಂದು ತೋಟದಲ್ಲೇ ಹೊಡೆಯೋಣ ಅಂದರು. ಯಂತ್ರ ನೋಡಿದೆ, ಗದ್ದೆ ಬಯಲಿನಲ್ಲಿ ಖಾಲಿ ಬಿಲ್ಲೆಯನ್ನೂ ಹಾರಿಸಿ ನೋಡಿದೆ, ಆದರೆ ಕೋವಿ ತರಲಿಲ್ಲ. ಸಣ್ಣ ಚರೆಯೂ ಇನ್ನೂರು ಮೀಟರಿನಾಚೆ ಹೋಗಿ ಉದುರುತ್ತದೆ. ಅಷ್ಟು ದೂರದೊಳಗೆ ನಮ್ಮ ಆಳುಗಳ ಲೈನ್ ಮನೆಗಳಿವೆ, ಪಕ್ಕದವರ ಕಾಫಿ ಕುಯ್ಯುವವರಿದ್ದಾರೆ. ಉದುರಿದ ಸೀಸ ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಹೇಮಾವತಿಗೆ ಸೇರುತ್ತದೆ. ಒಡೆದ ಬಿಲ್ಲೆಯ ಪಿಚ್ ಹಂದಿಗೆ ವಿಷ. ರಾತ್ರಿ ಗದ್ದೆ ಕೆದಕಲು ಬರುವುದು ಅವೇ. ಮೇಲಾಗಿ ಆನೆಯ ಭಯದಲ್ಲೇ ಬದುಕುತ್ತಿರುವ ಈ ಕಡೆ ಒಂದು ಈಡಿನ ಸದ್ದು ಕೇಳಿದರೆ ಹತ್ತು ಮನೆಯ ಜನ ಅಂಗಳಕ್ಕೆ ಬರುತ್ತಾರೆ. ಲೈಸೆನ್ಸ್ ಕೊಟ್ಟಿರುವ ಉದ್ದೇಶವೂ ಬೇರೆ. ಎಷ್ಟೇ ಅಗ್ಗವಾದರೂ ಇದು ಬೇಡ.

ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆಗೆ ಎರಡು ಕಡೆ ಹೋದೆ. ಪ್ರವೇಶ ಶುಲ್ಕ ಕಟ್ಟಿದರೆ ಈಡು ಲೆಕ್ಕದಲ್ಲಿ ಹೊಡೆಯಬಹುದು, ಖರ್ಚು ಕಡಿಮೆ, ಊರೆಲ್ಲ ಸೇರಿರುತ್ತದೆ, ಕಾಯಿ ಚಿಪ್ಪು ಸಮೇತ ಒಡೆದು ನೀರು ಚೆಲ್ಲಿದಾಗ ಎದ್ದ ಕೂಗು ಕೇಳಿ ನನಗೂ ಮೈ ಜುಂ ಅಂದಿತು. ಅಭ್ಯಾಸದ ದೃಷ್ಟಿಯಿಂದ ಮಾತ್ರ ಇದು ನನಗೆ ಕೆಡುಕೇ ಮಾಡಿತು. ಕಾಯಿ ಕದಲುವುದಿಲ್ಲ. ಉಸಿರು ಹಿಡಿದು, ನಳಿಗೆ ನಿಲ್ಲಿಸಿ, ಗುರಿ ಕೂಡಿಸಿ ಹೊಡೆಯಬೇಕು. ಹಾರುವ ಬಿಲ್ಲೆಗೆ ನಳಿಗೆ ನಿಲ್ಲಿಸಿದ ಗಳಿಗೆಯಲ್ಲೇ ಈಡು ಅದರ ಹಿಂದೆ ಬೀಳುತ್ತದೆ. ಹಬ್ಬಕ್ಕೆ ಹೋಗುವಂತೆ ಈಗಲೂ ಹೋಗುತ್ತೇನೆ, ಅಭ್ಯಾಸ ಅಂತ ಹೋಗುವುದಿಲ್ಲ.

ಏರ್‌ಗನ್ ಹಿಡಿದದ್ದು ಅನಿವಾರ್ಯವಾಗಿ. 2024ರ ಲೋಕಸಭಾ ಚುನಾವಣೆಗೆ ಮಾರ್ಚಿನಲ್ಲಿ ನೀತಿ ಸಂಹಿತೆ ಬಂತು, ಕೋವಿಗಳನ್ನು ಠಾಣೆಗೆ ಕೊಟ್ಟು ರಸೀದಿ ತಂದೆವು. ಅವು ವಾಪಸ್ ಬಂದದ್ದು ಜೂನಿನಲ್ಲಿ. ಆ ಮೂರು ತಿಂಗಳು ಕೈ ಖಾಲಿ. 0.177 ಬೋರಿನ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಒಂದು ಡಬ್ಬಿ ಪೆಲೆಟ್ ಬೆಲೆಗೆ ಕೆಲವೇ ತೋಟೆ ಬರುತ್ತವೆ, ಅಷ್ಟು ಅಗ್ಗ. ಮನೆ ಹಿಂದಿನ ಧರೆಗೆ, ಅಂದರೆ ಕಡಿದ ಮಣ್ಣಿನ ಗೋಡೆಗೆ, ಎದುರಾಗಿ ಹಲಸಿನ ಕೊಂಬೆಯಿಂದ ಪುಡಿಡಬ್ಬಿ ಇಳಿಬಿಟ್ಟು, ತೂಗಾಡಿಸಿ ಹೊಡೆಯುತ್ತಿದ್ದೆ. ತಪ್ಪಿದ ಪೆಲೆಟ್ ಧರೆಯ ಮಣ್ಣಿಗೆ ಹೋಗುತ್ತಿತ್ತು. ಟ್ರಿಗರಿನ ಮೇಲಿನ ಬೆರಳು ಸಾಧುವಾಯಿತು, ಅದು ನಿಜವಾದ ಲಾಭ. ಆದರೆ ಒಂದು ಕಣ್ಣು ಮುಚ್ಚುವ ಹಳೇ ಚಾಳಿ ಮತ್ತೆ ಬಂತು. ಚರೆ ಕೋವಿಗೆ ಎರಡೂ ಕಣ್ಣು ತೆರೆದಿರಬೇಕು, ನೋಟ ಬಿಲ್ಲೆಯ ಮೇಲಿರಬೇಕು, ನಳಿಗೆಯ ಮೇಲಲ್ಲ.

ಬೆಂಗಳೂರಿನಲ್ಲಿ ಅಕ್ಕನ ಮಗನ ಮನೆಯಲ್ಲಿ ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆಯಲ್ಲೂ ಕ್ಲೇ ಹೊಡೆದೆ. ಬಿಲ್ಲೆಗಿಂತ ಎಷ್ಟು ಮುಂದೆ ಹೊಡೆಯಬೇಕೆಂಬ ಅಂದಾಜು ಬರುತ್ತದೆ. ಕೈಯಲ್ಲಿ ತೂಕವಿಲ್ಲ, ಭುಜಕ್ಕೆ ಒದೆಯಿಲ್ಲ. ಅದಕ್ಕಾಗಿ ದುಡ್ಡು ಹಾಕಲಾರೆ.

ಈಗ ಟಾರ್ಚಿನ ವಿಷಯ. ಇದನ್ನು ಹೇಳಿಕೊಟ್ಟದ್ದು ಹೈದರಾಬಾದಿನ ರೇಂಜಿನಲ್ಲಿ ಸಿಕ್ಕಿದ ಹಿರಿಯರೊಬ್ಬರು. ಕೋವಿಯನ್ನು ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ತೋಟೆಗಳು ಬೇರೆ ಕೋಣೆಯಲ್ಲಿ ಬೀಗದಲ್ಲಿರಬೇಕು. ಆಮೇಲೆ ತೆಳ್ಳನೆಯ ಪೆನ್ ಟಾರ್ಚಿಗೆ ಇನ್ಸುಲೇಶನ್ ಟೇಪ್ ಸುತ್ತಿ, ನಳಿಗೆಯ ಬಾಯಿಗೆ ಬಿಗಿಯಾಗಿ ಕೂರುವಂತೆ ಮಾಡಿ ಹಚ್ಚಬೇಕು. ರಾತ್ರಿ ಊಟವಾದ ಮೇಲೆ ಜಗುಲಿಯ ದೀಪ ಆರಿಸಿ ನಿಲ್ಲುತ್ತೇನೆ. ಕೋವಿ ಸೊಂಟದ ಮಟ್ಟದಲ್ಲಿದ್ದಾಗಲೇ ಬೆಳಕಿನ ಬೊಟ್ಟು ತೊಲೆಯ ಎಡತುದಿಯಲ್ಲಿರಬೇಕು. ಅಲ್ಲಿಂದ ತೊಲೆಯ ಅಂಚಿನುದ್ದಕ್ಕೂ ಬೊಟ್ಟನ್ನು ಓಡಿಸುತ್ತಾ, ಓಟ ನಿಲ್ಲಿಸದೆ, ಕೋವಿಯನ್ನು ಕೆನ್ನೆಗೆ ತರಬೇಕು, ಭುಜ ಆಮೇಲೆ. ಮೊದಲ ವಾರ ಬೊಟ್ಟು ತೊಲೆ ಬಿಟ್ಟು ಹೆಂಚಿಗೆ ಹಾರುತ್ತಿತ್ತು, ಕೋವಿ ಕೆನ್ನೆ ಮುಟ್ಟುವ ಕ್ಷಣದಲ್ಲಿ ಗೋಡೆಗೆ ಜಾರುತ್ತಿತ್ತು. ರೇಂಜಿನಲ್ಲಿ ಬಿಲ್ಲೆ ಏಕೆ ತಪ್ಪುತ್ತಿತ್ತು ಅಂತ ಆ ಗೋಡೆಯ ಮೇಲೆ ಬರೆದ ಹಾಗೆ ಕಂಡಿತು: ಎಡಗೈ ಮಲಗಿಕೊಂಡಿತ್ತು, ಬಲಗೈಯೊಂದೇ ಕೋವಿ ಎತ್ತುತ್ತಿತ್ತು. ಮೂರೂವರೆ ಕಿಲೋ ತೂಕವನ್ನು ಒಂದೇ ಕೈ ಎತ್ತಿದರೆ ಮೂತಿ ಕೆಳಕ್ಕೆ ತೂಗುತ್ತದೆ. 146 ತೋಟೆ ಸುಟ್ಟರೂ ಗೊತ್ತಾಗದ್ದು ಎರಡು ಸೆಲ್ಲಿನ ಟಾರ್ಚಿನಲ್ಲಿ ಗೊತ್ತಾಯಿತು.

ಜೂನಿನಿಂದ ಸೆಪ್ಟೆಂಬರ್ ತನಕ, ಮಳೆಗಾಲವಿಡೀ, ರಾತ್ರಿಗೆ 40 ಸಲ. ಅದಕ್ಕಿಂತ ಹೆಚ್ಚಾದರೆ ತೋಳು ಸೋತು ತಪ್ಪೇ ಅಭ್ಯಾಸವಾಗುತ್ತದೆ.

2024ರ ದಸರಾ ಮುಗಿಸಿ, ಅರೇಬಿಕಾ ಕುಯ್ಲು ಶುರುವಾಗುವ ಮುಂಚೆ ಮತ್ತೆ ಹೈದರಾಬಾದಿಗೆ ಹೋದೆವು. ಈ ಸಲ ನಾಲ್ವರು ಒಂದೇ ಕಾರಿನಲ್ಲಿ. ತಲೆಗೆ ನಾಲ್ಕರ ಬದಲು ಎರಡೇ ಸುತ್ತು, ಬಿಲ್ಲೆಗೆ ಒಂದೇ ಈಡು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹಿಂದಿನ ವರ್ಷ ಎರಡು ಈಡಿನ ಲೆಕ್ಕದಲ್ಲೂ ಸುತ್ತಿಗೆ ಸರಾಸರಿ 15ರ ಆಸುಪಾಸಿನಲ್ಲಿದ್ದ ನಾನು ಒಂದೇ ಈಡಿನಲ್ಲಿ 16, ಆಮೇಲೆ 18 ಹೊಡೆದೆ. ತಲೆಗೆ ಬಿದ್ದ ಒಟ್ಟು ಖರ್ಚು ಅರ್ಧಕ್ಕಿಂತ ಕೆಳಗಿಳಿದಿತ್ತು. ಭಾವ ಟಾರ್ಚು ಹಿಡಿದಿರಲಿಲ್ಲ, ಅವರದು ಮೊದಲಿನಷ್ಟೇ. ವಾಪಸ್ ಬರುವ ದಾರಿಯಲ್ಲಿ ಡೈರಿ ತೆಗೆಯಲಿಲ್ಲ, "ಆ ಟೇಪು ಎಷ್ಟು ಸುತ್ತು ಸುತ್ತಬೇಕು?" ಅಂತ ಕೇಳಿದರು.

ಉಳಿದಿರುವ ತೊಡಕು ಚುನಾವಣೆಯದ್ದು. ಇನ್ನೊಂದು ನೀತಿ ಸಂಹಿತೆ ಬಂದರೆ ಕೋವಿ ಮತ್ತೆ ಠಾಣೆಗೆ ಹೋಗುತ್ತದೆ, ತೋಳಿನ ಅಭ್ಯಾಸ ತಪ್ಪುತ್ತದೆ. ಅದಕ್ಕೆ ಊರಿನ ಬಡಗಿ ಆಚಾರರ ಹತ್ತಿರ ನನ್ನ ಕೋವಿಯ ಅಳತೆ ಕೊಟ್ಟು ಸಿಲ್ವರ್ ಓಕಿನಲ್ಲಿ ಅದೇ ಉದ್ದದ, ಕೆನ್ನೆಗೆ ಅದೇ ಇಳಿಜಾರಿನ ಮರದ ತುಂಡೊಂದು ಮಾಡಿಸುತ್ತಿದ್ದೇನೆ. ಮರ ಹಗುರ, ತೂಕ ಎರಡು ಕಿಲೋ ದಾಟಲಿಲ್ಲ. ಮುಂಭಾಗದಲ್ಲಿ ತೂತು ಕೊರೆದು ಕಬ್ಬಿಣದ ಸರಳು ಕೂರಿಸಿ ಕೊಡುತ್ತೇನೆ, ಟಾರ್ಚಿಗೂ ಜಾಗ ಬಿಡುತ್ತೇನೆ ಅಂದಿದ್ದಾರೆ ಆಚಾರರು.