ವಿಂಗ್ ಚುನ್ ಕಲಿಯೋಕೆ ಬೆಂಗಳೂರಿಗೇ ಹೋಗಬೇಕಿಲ್ಲ, ತುಮಕೂರಿನಲ್ಲೇ ಒಳ್ಳೆ ಮೇಷ್ಟ್ರಿದ್ದಾರೆ

ತುಮಕೂರಿನಲ್ಲಿ ಕರಾಟೆ ಕ್ಲಾಸಿಗೆ ಬರ ಇಲ್ಲ. ಬೇಸಿಗೆ ರಜೆ ಬಂದರೆ ಬಡಾವಣೆಗೊಂದು ಬ್ಯಾನರ್ ಕಟ್ಟಿರುತ್ತಾರೆ. ಚೀನಾದ ಕುಂಗ್ ಫು ಪದ್ಧತಿಯಾದ ವಿಂಗ್ ಚುನ್ ಅಂದರೆ ಮಾತ್ರ ಎಲ್ಲರೂ ಬೆಂಗಳೂರಿನ ದಾರಿ ತೋರಿಸುತ್ತಾರೆ. ಎಸ್.ಎಸ್. ಪುರಂನಲ್ಲಿ ಒಬ್ಬ ಮೇಷ್ಟ್ರು ತಮ್ಮ ಮನೆ ತಾರಸಿ ಮೇಲೆ ಒಬ್ಬೊಬ್ಬರಿಗೇ ಹೇಳಿಕೊಡುತ್ತಾರೆ. ಬೋರ್ಡ್ ಇಲ್ಲ, ಹೆಸರು ಹಾಕೋದು ಅವರಿಗೆ ಇಷ್ಟವಿಲ್ಲ. ಬೆಳಿಗ್ಗೆ ಅಮಾನಿಕೆರೆ ಹತ್ತಿರ ವಾಕಿಂಗ್ ಬರುವವರನ್ನು ಕೇಳಿದರೆ ಮನೆ ತೋರಿಸುತ್ತಾರೆ.

ಹೋದ ಕೂಡಲೇ ಒದೆಯೋದು, ಗುದ್ದೋದು ಕಲಿಸಲ್ಲ. ಶುರುವಿನಲ್ಲಿ ಸಿಯು ನಿಮ್ ಟಾವ್ ಅನ್ನುವ ವರಸೆ ಮಾತ್ರ. ಮೊಣಕಾಲು ಸ್ವಲ್ಪ ಒಳಕ್ಕೆ ಮಾಡಿ ನಿಂತು, ಪಾದ ಕದಲಿಸದೆ, ಬರೀ ಕೈಯಲ್ಲಿ ಮಾಡಬೇಕು. ನೋಡುವವರಿಗೆ ಸುಮ್ನೆ ನಿಂತ ಹಾಗೆ ಕಾಣುತ್ತೆ, ಮಾಡುವವರ ತೊಡೆ ಮಾತ್ರ ಉರಿಯುತ್ತಿರುತ್ತೆ. ನಾನು ಕೈಯನ್ನು ಎದೆಯ ನಡುಗೆರೆಯಲ್ಲಿ ನಿಧಾನವಾಗಿ ಮುಂದೆ ತರುವಾಗ ಮೇಷ್ಟ್ರು ಪಕ್ಕದಲ್ಲಿ ನಿಂತು ಮೊಣಕೈಗೆ ಎರಡು ಬೆರಳು ಇಟ್ಟಿರುತ್ತಾರೆ. ಮೊಣಕೈ ಕೂದಲೆಳೆಯಷ್ಟು ಹೊರಗೆ ಹೋದರೂ ಅವರಿಗೆ ಗೊತ್ತಾಗುತ್ತೆ. "ಭುಜ ಬಿಡಮ್ಮಾ, ಮೊಣಕೈ ಒಳಗೆ" ಅಂತಾರೆ, ಅಷ್ಟೇ. ಭುಜ ಇಳಿದ ಮೇಲೆ ನನ್ನ ಮಣಿಕಟ್ಟು ಹಿಡಿದು ಜೋರಾಗಿ ತಳ್ಳುತ್ತಾರೆ. ಆ ಬಲವೆಲ್ಲ ಹಿಮ್ಮಡಿಗೆ ಇಳಿದು ಹೋಗುತ್ತೆ, ನಾನು ನಿಂತಲ್ಲೇ ನಿಂತಿರುತ್ತೇನೆ. ಇದನ್ನು ಯಾವ ಯೂಟ್ಯೂಬ್ ವಿಡಿಯೋ ಹೇಳಿಕೊಡುತ್ತೆ ಹೇಳಿ?

ಚಿ ಸಾವ್ ಅಂತೂ ಮೇಷ್ಟ್ರ ಕೈ ಇಲ್ಲದೆ ಬರುವುದೇ ಇಲ್ಲ. ಇಬ್ಬರೂ ಮುಂಗೈಗೆ ಮುಂಗೈ ತಾಗಿಸಿ ಉರುಳಿಸುತ್ತಾ, ಎದುರಿನವರ ಒತ್ತಡ ಎಲ್ಲಿ ಸಡಿಲವಾಯ್ತು ಅಂತ ಚರ್ಮದಲ್ಲೇ ತಿಳಿಯುವ ಅಭ್ಯಾಸ ಅದು. ಬಲಕ್ಕೆ ಬಲ ಕೊಟ್ಟರೆ ಕೈ ಸಿಕ್ಕಿಬೀಳುತ್ತೆ. ನನ್ನಂಥ ಸಣ್ಣ ಮೈಕಟ್ಟಿನವರಿಗೆ ಈ ವಿದ್ಯೆ ಒಗ್ಗುವುದು ಇದಕ್ಕೇ. ಯಿಮ್ ವಿಂಗ್ ಚುನ್ ಅನ್ನುವ ಹುಡುಗಿಗೆ ಒಬ್ಬ ಸನ್ಯಾಸಿನಿ ಕಲಿಸಿದಳು, ಅವಳ ಹೆಸರೇ ವಿದ್ಯೆಗೂ ಬಂತು ಅಂತ ಒಂದು ಐತಿಹ್ಯ ಇದೆ. ಕಥೆಯೇ ಇರಬಹುದು, ಆದರೆ ನನಗೆ ತುಂಬಾ ಇಷ್ಟ.

ಬೆಲ್ಟ್, ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಇದು ಸರಿಹೋಗಲ್ಲ. ಮೇಷ್ಟ್ರು ಅನುಸರಿಸುವುದು ಇಪ್ ಮ್ಯಾನ್ ಪರಂಪರೆ. ಇಪ್ ಮ್ಯಾನ್ ಚೀನಾದ ಫೋಶಾನ್‌ನಲ್ಲಿ ಹುಟ್ಟಿ, 1950ರಿಂದ ಹಾಂಗ್‌ಕಾಂಗ್‌ನಲ್ಲಿ ಪಾಠ ಹೇಳಿ, 1972ರಲ್ಲಿ ತೀರಿಕೊಂಡವರು, ಬ್ರೂಸ್ ಲೀಗೆ ಕಲಿಸಿದವರು. ಈ ಪರಂಪರೆಯಲ್ಲಿ ಇರೋದು ಮೂರು ಕೈವರಸೆ, ಮರದ ಬೊಂಬೆ, ಉದ್ದ ಕೋಲು, ಜೋಡಿ ಕತ್ತಿ, ಇಷ್ಟೇ. ಮೂರು ಕೈ, ಒಂದು ಕಾಲಿನ ಆ ಬೊಂಬೆಯನ್ನು ಮೇಷ್ಟ್ರು ಊರಿನ ಬಡಗಿಯಿಂದ ಹಲಸಿನ ಮರದಲ್ಲಿ ಮಾಡಿಸಿದ್ದಾರೆ. ಅದನ್ನು ಮುಟ್ಟುವ ಸರದಿ ನನಗಿನ್ನೂ ಬಂದಿಲ್ಲ.

ಬೇಜಾರಿನ ವಿಷಯವೂ ಇದೆ. ತಾರಸಿಗೆ ಶೀಟ್ ಹಾಕಿಲ್ಲ, ಮಳೆ ಬಂದರೆ ಕ್ಲಾಸ್ ಇಲ್ಲ. ಬದಲಿ ದಿನವನ್ನು ನಾವೇ ನೆನಪು ಮಾಡಿ ಕೇಳಬೇಕು. ಮಂಡಿನೋವು ಇರುವವರು ಮೊದಲೇ ಹೇಳಿ, ನಿಲುವನ್ನು ಎತ್ತರ ಮಾಡಿಸುತ್ತಾರೆ.

ಫೀಸು ತಿಂಗಳಿಗೆ 2500, ವಾರಕ್ಕೆ ಎರಡು ದಿನ. ಗುಂಪು ಕ್ಲಾಸಿಗಿಂತ ಜಾಸ್ತಿಯೇ, ಆದರೆ ಆ ಒಂದು ಗಂಟೆ ಅವರ ಕಣ್ಣು ನಮ್ಮ ಮೇಲೇ ಇರುತ್ತೆ, ಫೋನ್ ಕೂಡ ಎತ್ತಲ್ಲ. ಮೊದಲ ದಿನಕ್ಕೆ ದುಡ್ಡು ತೆಗೆದುಕೊಳ್ಳಲ್ಲ. ಒಮ್ಮೆ ಹೋಗಿ ಅವರ ಕೈಗೆ ಕೈ ತಾಗಿಸಿ ನೋಡಿ, ಸೇರೋದು ಬಿಡೋದು ಆಮೇಲೆ.